ಮನೆಯಲ್ಲೇ ಹಬೆ ದೋಣಿ ಮಾಡಬೇಕು, ತಿಳಿದವರು ದಾರಿ ಹೇಳಿ

ಪ್ರಶ್ನೆ

ಮಗಳು 8ನೇ ತರಗತಿ. ಜಾತ್ರೆಯಲ್ಲಿ ಮಾರುವ ಪಟಪಟ ಸದ್ದಿನ ತಗಡಿನ ದೋಣಿಯಂಥದ್ದನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತಾನೇ ಮಾಡುತ್ತೇನೆ ಅನ್ನುತ್ತಿದ್ದಾಳೆ. ಮನೆಯಲ್ಲಿರುವುದು ಇಕ್ಕಳ, ಕತ್ತರಿ, ಹ್ಯಾಕ್ಸಾ ಬ್ಲೇಡು, ಒಂದು ಸಾಲ್ಡರಿಂಗ್ ಐರನ್. ಲೇತ್ (ಲೋಹ ಕಡೆಯುವ ಯಂತ್ರ) ಇಲ್ಲ. ಯಾವ ಪೈಪು ತರಬೇಕು, ಎಷ್ಟು ಉದ್ದ, ಬೆಂಕಿಗೆ ಏನು ಇಡಬೇಕು, ಅಪಾಯ ಎಷ್ಟು? ಮುಂದೆ ಪ್ರೊಪೆಲರ್ ತಿರುಗಿಸುವ ನಿಜವಾದ ಹಬೆ ಎಂಜಿನ್ ಕೂರಿಸಲು ಆದೀತೇ?

ತಾಮ್ರದ ಪೈಪಿನ ಕೆಲಸ ಬಲ್ಲವರು, ಹಾಸನ

ಮೇಡಂ, ಮೊದಲ ದೋಣಿಗೆ ಬಾಯ್ಲರ್ ಬೇಡವೇ ಬೇಡ. ಎರಡೂ ತುದಿ ತೆರೆದಿರುವ ತಾಮ್ರದ ಸುರುಳಿ ಸಾಕು. ತುದಿ ತೆರೆದಿದ್ದರೆ ಒತ್ತಡ ಕಟ್ಟಿಕೊಳ್ಳುವುದಿಲ್ಲ, ಹಾಗಾಗಿ ಸಿಡಿಯುವ ಮಾತಿಲ್ಲ. ಮಕ್ಕಳ ಕೈಗೆ ಕೊಡಬಹುದಾದ ಹಬೆ ದೋಣಿ ಅಂದರೆ ಇದೇ.

ಪೈಪು ಹೊರವ್ಯಾಸ 4 ಮಿ.ಮೀ., ಒಳರಂಧ್ರ 3 ಮಿ.ಮೀ. ಆಸುಪಾಸಿನದು ಇರಲಿ, ಉದ್ದ 45 ಸೆಂ.ಮೀ. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕ್ಯಾಪಿಲರಿ ಅಂತ ಕೊಟ್ಟರೆ ತರಬೇಡಿ, ಅದರ ರಂಧ್ರ 1 ಮಿ.ಮೀ. ಸುತ್ತಮುತ್ತ ಇರುತ್ತದೆ. ಅಷ್ಟು ಸಣ್ಣ ರಂಧ್ರದಲ್ಲಿ ನೀರು ಹಿಂದೆ ಮುಂದೆ ಓಡಾಡುವುದಿಲ್ಲ. ಅದೇ ಅಂಗಡಿಯಲ್ಲಿ 3/16 ಇಂಚಿನ ಮೆತ್ತನೆ ತಾಮ್ರದ ಪೈಪು ಕೇಳಿ, ಅದೂ ನಡೆಯುತ್ತದೆ.

ಪೈಪು ಗಟ್ಟಿಯಿದ್ದರೆ ನಡುಭಾಗವನ್ನು ಗ್ಯಾಸ್ ಒಲೆಯ ಮೇಲೆ ಮಂದ ಕೆಂಪಾಗುವವರೆಗೆ ಕಾಯಿಸಿ ತಣ್ಣೀರಿಗೆ ಅದ್ದಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಆಮೇಲೆ ಒಂದು ತುದಿಗೆ ಟೇಪು ಸುತ್ತಿ, ಬಾಣಲೆಯಲ್ಲಿ ಹುರಿದು ಒಣಗಿಸಿದ ಪುಡಿ ಉಪ್ಪನ್ನು ಪೈಪಿಗೆ ತಟ್ಟಿ ತಟ್ಟಿ ತುಂಬಿ ಇನ್ನೊಂದು ತುದಿಗೂ ಟೇಪು ಹಾಕಿ. ಉಪ್ಪಿದ್ದರೆ ಬಗ್ಗಿಸುವಾಗ ಪೈಪು ಚಪ್ಪಟೆಯಾಗುವುದಿಲ್ಲ, ಕೊನೆಗೆ ಬಿಸಿನೀರಲ್ಲಿ ಕರಗಿ ಹೋಗುತ್ತದೆ. ಮರಳು ತುಂಬಿದರೆ ಒಂದೆರಡು ಕಾಳು ಒಳಗೇ ಸಿಕ್ಕಿಕೊಳ್ಳುತ್ತವೆ. ತುದಿ ಮುಚ್ಚಿದ ಪೈಪನ್ನು ಮಾತ್ರ ಯಾವತ್ತೂ ಬೆಂಕಿಗೆ ಹಿಡಿಯಬಾರದು. ಕಾಯಿಸುವುದು ಮೊದಲು, ತುಂಬುವುದು ನಂತರ.

14 ಮಿ.ಮೀ. ದಪ್ಪದ ಪೆನ್ಸಿಲ್ ಸೆಲ್ ಅಳತೆಯ ಕೋಲಿಗೆ ಪೈಪಿನ ನಡುಭಾಗ ಇಟ್ಟು ಎರಡೂವರೆ ಸುತ್ತು ಸುತ್ತಿ. ಆ ಅರ್ಧ ಸುತ್ತು ಮುಖ್ಯ. ಪೂರಾ ಎರಡು ಸುತ್ತು ಹಾಕಿದರೆ ಪೈಪಿನ ಒಂದು ತುದಿ ದೋಣಿಯ ಮೂತಿಯ ಕಡೆ, ಇನ್ನೊಂದು ಹಿಂಬದಿಯ ಕಡೆ ತಿರುಗುತ್ತದೆ. ಎರಡೂವರೆ ಆದರೆ ಎರಡೂ ಹಿಂದಕ್ಕೆ ಬರುತ್ತವೆ. ಸುತ್ತುಗಳಿಗೆ ಸುಮಾರು 14 ಸೆಂ.ಮೀ. ಹೋಗುತ್ತದೆ, ಉಳಿದದ್ದು ತಲಾ 15 ಸೆಂ.ಮೀ.ನ ಎರಡು ನೇರ ತುಂಡು, ಇವೇ ಸುರುಳಿಯ ಕಾಲುಗಳು. ಇವುಗಳನ್ನು 2 ಸೆಂ.ಮೀ. ಅಂತರದಲ್ಲಿ ಸಮಾನಾಂತರವಾಗಿ ಇಳಿಜಾರು ಮಾಡಿ ಹಿಂಬದಿಯ ತಳದಿಂದ ಹೊರಗೆ ತನ್ನಿ. ಬಾಯಿಗಳು ನೀರಿನ ಮಟ್ಟಕ್ಕಿಂತ 1 ಸೆಂ.ಮೀ. ಕೆಳಗೆ, ನೇರ ಹಿಂದಕ್ಕೆ ನೋಡುತ್ತಿರಬೇಕು. ಒಂದು ಬಾಯಿ ಓರೆಯಾದರೂ ದೋಣಿ ಸುತ್ತು ಹೊಡೆಯುತ್ತದೆ.

ದೋಣಿಗೆ 1 ಲೀಟರಿನ ಟೆಟ್ರಾ ಪ್ಯಾಕ್ ಡಬ್ಬಿಯನ್ನು ಉದ್ದಕ್ಕೆ ಸೀಳಿದರೆ ಸಾಕು. ಪೈಪು ಹೊರಬರುವ ತೂತಿಗೆ ಎಂ-ಸೀಲ್ ಮೆತ್ತಿ. ಒಳಗಿನ ನೀರು ಪೈಪನ್ನು ತಂಪಾಗಿ ಇಡುವುದರಿಂದ ಅಲ್ಲಿ ಅದು ಕರಗುವುದಿಲ್ಲ.

ಧಾರವಾಡದಿಂದ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು

ಮೇಲಿನ ಅಳತೆಗಳು ಸರಿ ಅದಾವ. ತೀರ್ಪುಗಾರರು ಕೇಳೋದು ಬೇರೆ: ನೀರು ಒಂದೇ ಬಾಯಿಂದ ಹೊರಗೂ ಹೋಗತದ, ಒಳಗೂ ಬರತದ, ಹಾಗಾದರೆ ದೋಣಿ ನಿಂತಲ್ಲೇ ಯಾಕ ಅಲುಗಾಡೂದಿಲ್ಲ? ಇದಕ್ಕ ಉತ್ತರ ಮಗಳ ಬಾಯಲ್ಲಿ ಇರಬೇಕು.

ಸುರುಳಿಯಲ್ಲಿ ಸ್ವಲ್ಪ ನೀರು ಕುದಿದು ಹಬೆಯಾಗುತ್ತದೆ. ಸಾಮಾನ್ಯ ಒತ್ತಡದಲ್ಲಿ ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಹಬೆ ಕಾಲಿನಲ್ಲಿರುವ ನೀರನ್ನು ಹಿಂದಕ್ಕೆ ತಳ್ಳುತ್ತದೆ, ತಣ್ಣನೆಯ ಭಾಗಕ್ಕೆ ಬಂದ ಕೂಡಲೇ ತಾನು ಮತ್ತೆ ನೀರಾಗುತ್ತದೆ. ಒಳಗೆ ಒತ್ತಡ ಕುಸಿದು ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ, ಸುರುಳಿಗೆ ತಾಗಿ ಮತ್ತೆ ಕುದಿಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗಾಗುತ್ತದೆ. ಹೊರಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವ ನೀರು ಬಾಯಿಯ ಸುತ್ತ ಎಲ್ಲ ಕಡೆಯಿಂದ ಸೇರುತ್ತದೆ. ದೀಪವನ್ನು ಊದಿ ಆರಿಸಬಹುದು, ಅಷ್ಟೇ ದೂರದಿಂದ ಉಸಿರು ಎಳೆದು ಆರಿಸಲು ಆಗುವುದಿಲ್ಲವಲ್ಲ, ಹಾಗೆ. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ ಇದನ್ನೇ ಮಾಡಿ ತೋರಿಸಿದರೆ ಎರಡನೇ ಪ್ರಶ್ನೆ ಬರೋದಿಲ್ಲ.

ಬೆಂಕಿಯ ವಿಷಯ. ಒಂದೇ ಒಂದು ಟೀ-ಲೈಟ್ ಮೇಣದ ಉರಿ ಈ ಗಾತ್ರದ ಸುರುಳಿಗೆ ಸಾಲದೆ ಹೋಗಬಹುದು. ತಗಡಿನ ಪುಟ್ಟ ತಟ್ಟೆಯಲ್ಲಿ ಕೊಬ್ಬರಿ ಎಣ್ಣೆಗೆ ಎರಡು ದಪ್ಪ ಹತ್ತಿ ಬತ್ತಿ ಇಡಿ. ಉರಿಯ ತುದಿ ಸುರುಳಿಯ ಅಡಿಗೆ ತಾಗುವಷ್ಟು ಎತ್ತರ ಸಾಕು. ಸುರುಳಿ ಹಳದಿ ಉರಿಯ ಒಳಗೇ ಮುಳುಗಿದರೆ ಮಸಿ ಹಿಡಿಯುತ್ತದೆ. ಮಸಿ ಶಾಖ ತಡೆಯುತ್ತದೆ, ಹಾಗಾಗಿ ಪ್ರತಿ ಸಲ ಒರೆಸಿ. ದೀಪದ ಕೆಳಗೆ ಅಲ್ಯೂಮಿನಿಯಂ ಹಾಳೆ ಎರಡು ಮಡಿಕೆ ಹಾಸಿ. ಥರ್ಮಾಕೋಲಿನ ದೋಣಿ ಹಗುರ ಅಂತ ಕೆಲವರು ಹೇಳುತ್ತಾರೆ, ಅದು ಬೇಡ. ಉರಿಯ ಹತ್ತಿರ ಕರಗಿ ಹೊತ್ತಿಕೊಳ್ಳುತ್ತದೆ, ಆ ಹೊಗೆ ಮಕ್ಕಳ ಮುಖಕ್ಕೇ ಹೊಡೆಯುತ್ತದೆ.

ತಗಡಿನ ಆಟಿಕೆ ಮಾಡುವವರು, ಶಿವಮೊಗ್ಗ

ನಿಮಗೆ ಬೇಕಾದ ಆ ಪಟಪಟ ಸದ್ದು ಸುರುಳಿಯಿಂದ ಬರುವುದಿಲ್ಲ. ಸುರುಳಿ ದೋಣಿ ಗುಳುಗುಳು ಅನ್ನುತ್ತದೆ, ಅಷ್ಟೇ. ಸದ್ದು ಬರಬೇಕಾದರೆ ತೆಳುಮುಚ್ಚಳದ ಚಪ್ಪಟೆ ಡಬ್ಬಿ ಬೇಕು. ಒತ್ತಡ ಏರಿ ಇಳಿದಂತೆ ಆ ಮುಚ್ಚಳ ಮೇಲಕ್ಕೂ ಕೆಳಕ್ಕೂ ಟಕ್ಕನೆ ಬಾಗುವ ಸದ್ದೇ ಅದು. ಈ ಜಾತಿಯ ದೋಣಿಗೆ ಲಂಡನ್ನಿನಲ್ಲಿದ್ದ ಫ್ರೆಂಚ್ ಮೂಲದ ಥಾಮಸ್ ಪಿಯೊ 1891ರಲ್ಲಿ ಬ್ರಿಟಿಷ್ ಪೇಟೆಂಟಿಗೆ ಅರ್ಜಿ ಹಾಕಿದ. ತೆಳುಮುಚ್ಚಳದ ಮಾದರಿ ಆಮೇಲೆ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂನಿಂದ ಬಂತು. ಪ್ರದರ್ಶನದ ಫಲಕಕ್ಕೆ ಇದನ್ನು ಬರೆಯಬಹುದು.

0.3 ಮಿ.ಮೀ. ಹಿತ್ತಾಳೆ ತಗಡಿನಿಂದ 35 ಮಿ.ಮೀ. ಅಗಲ, 3 ಮಿ.ಮೀ. ಆಳದ ದುಂಡು ತಟ್ಟೆ ಮಾಡಿ. ಹಿಂಬದಿಯ ಅಂಚಿನಲ್ಲಿ 4 ಮಿ.ಮೀ. ರಂಧ್ರದ ಎರಡು ಹಿತ್ತಾಳೆ ಕೊಳವೆ, ತಲಾ 12 ಸೆಂ.ಮೀ. ಮೇಲೆ 0.05 ಮಿ.ಮೀ. ಹಿತ್ತಾಳೆ ಶಿಮ್ ಹಾಳೆಯ ಮುಚ್ಚಳ. ಬೆಂಗಳೂರಲ್ಲಿದ್ದರೆ ಎಸ್.ಪಿ. ರಸ್ತೆಯ ಕಡೆ ವಿಚಾರಿಸಿ. 0.1 ಮಿ.ಮೀ. ದಾಟಿದರೆ ದೋಣಿ ಓಡೀತು, ಸದ್ದು ಬಾರದು. ಮುಚ್ಚಳವನ್ನು ಬಿಗಿಯಾಗಿ ಎಳೆದು ಬೆಸೆಯಬೇಡಿ. ಹೆಬ್ಬೆರಳಿನಿಂದ ನಡುವೆ ಒತ್ತಿ ಒಂಚೂರು ತಗ್ಗು ಮಾಡಿ, ಅಂಚಿಗೆ ಮಾತ್ರ ಬೆಸುಗೆ ಹಿಡಿಸಿ.

ಐರನ್ 60 ವ್ಯಾಟ್ ಆದರೂ ಇರಬೇಕು. ಎಲೆಕ್ಟ್ರಾನಿಕ್ಸ್ ಕೆಲಸದ 25 ವ್ಯಾಟಿನದ್ದು ಹಿತ್ತಾಳೆ ತಗಡನ್ನು ಕಾಯಿಸುವುದಿಲ್ಲ, ಬೆಸುಗೆ ಮೇಲ್ಮೇಲೆ ಗುಳ್ಳೆಯಾಗಿ ಕೂತು ಆಮೇಲೆ ಸೋರುತ್ತದೆ. ಜಿಂಕ್ ಕ್ಲೋರೈಡ್ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ದ್ರವ) ಬಳಸಿದರೆ ಬಿಸಿನೀರಲ್ಲಿ ಚೆನ್ನಾಗಿ ತೊಳೆಯಿರಿ, ಉಳಿದದ್ದು ತಗಡನ್ನು ತಿನ್ನುತ್ತದೆ. ಸಾಮಾನ್ಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಲು ಶುರು. ಒಳಗೆ ನೀರಿರುವತನಕ ಡಬ್ಬಿ ಅಷ್ಟು ಕಾಯುವುದಿಲ್ಲ, ಒಣಗಿದ ಮೇಲೆ ದೀಪ ಉರಿಯುತ್ತಿದ್ದರೆ ಅಂಚು ಬಿಟ್ಟುಕೊಳ್ಳುತ್ತದೆ. ತಂಪು ಪಾನೀಯದ ಡಬ್ಬಿ ಅಲ್ಯೂಮಿನಿಯಂ, ಅದಕ್ಕೆ ಈ ಬೆಸುಗೆ ಹಿಡಿಯುವುದಿಲ್ಲ. ಅದರಲ್ಲಿ ಮಾಡುವುದಾದರೆ ಅರಾಲ್ಡೈಟ್ ಅಂಟೇ ಗತಿ.

ಕೇಳಿದವರಿಂದ ಮತ್ತೆ

ಸುರುಳಿ ದೋಣಿ ಓಡಿತು, ಎಲ್ಲರಿಗೂ ಧನ್ಯವಾದ. ಆದರೆ ಚೆನ್ನಾಗಿ ಓಡುತ್ತಿದ್ದುದು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ನಮ್ಮದು ಬೋರ್‌ವೆಲ್ ನೀರು.

ಹಾಸನದವರು

ಅದು ಗಾಳಿ. ನೀರಲ್ಲಿ ಕರಗಿದ ಗಾಳಿ ಕಾದಾಗ ಹೊರಬಂದು ಸುರುಳಿಯ ಮೇಲ್ಭಾಗದಲ್ಲಿ ಗುಳ್ಳೆಯಾಗಿ ಕೂರುತ್ತದೆ. ಹಬೆ ತಣಿದರೆ ನೀರಾಗುತ್ತದೆ, ಗಾಳಿ ತಣಿದರೂ ಗಾಳಿಯೇ. ಹೀಗೆ ಎಳೆತ ನಿಂತುಹೋಗುತ್ತದೆ. ಕುದಿಸಿ, ಮುಚ್ಚಿಟ್ಟು ಆರಿಸಿದ ನೀರನ್ನೇ ಪೈಪಿಗೆ ತುಂಬಿ. ಸೂಜಿ ತೆಗೆದ 5 ಮಿ.ಲೀ. ಸಿರಿಂಜಿಗೆ ಸೈಕಲ್ಲಿನ ವಾಲ್ ಟ್ಯೂಬ್ ಸಿಕ್ಕಿಸಿ ಒಂದು ಬಾಯಿಂದ ನಿಧಾನ ಒತ್ತಿ, ಇನ್ನೊಂದರಲ್ಲಿ ಗುಳ್ಳೆಯಿಲ್ಲದ ನೀರು ಬರುವವರೆಗೆ. ಎರಡೂ ಬಾಯಿಗೆ ಬೆರಳು ಮುಚ್ಚಿಕೊಂಡೇ ದೋಣಿಯನ್ನು ನೀರಿಗಿಟ್ಟು, ಬಾಯಿ ಮುಳುಗಿದ ಮೇಲೆ ಬೆರಳು ತೆಗೆಯಿರಿ.

ಬೋರ್‌ವೆಲ್ ನೀರಾದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಒಂದು ಚಮಚ ನಿಂಬೆ ಉಪ್ಪನ್ನು ಲೋಟ ಬಿಸಿನೀರಿಗೆ ಹಾಕಿ ಸಿರಿಂಜಿನಲ್ಲಿ ತುಂಬಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ಭದ್ರಾವತಿಯಿಂದ, ಫಿಟ್ಟರ್

ಪ್ರೊಪೆಲರ್ ದೋಣಿಯ ಬಗ್ಗೆ. ಆಗುತ್ತದೆ, ಆದರೆ ಅಲ್ಲಿಂದ ಅದು ಆಟಿಕೆಯಲ್ಲ. ಸುರುಳಿ ದೋಣಿಯಲ್ಲಿ ಮುಚ್ಚಿದ ಪಾತ್ರೆ ಇರಲಿಲ್ಲ, ಇಲ್ಲಿ ಇದೆ. ಪೇಂಟ್ ಡಬ್ಬಿ, ಡಿಯೋಡರೆಂಟ್ ಡಬ್ಬಿ, ಸಾಲ್ಡರ್ ಹಾಕಿದ ತಗಡು ಯಾವುದನ್ನೂ ಬಾಯ್ಲರ್ ಮಾಡಬೇಡಿ. ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕ ಪಾತ್ರೆಗಳನ್ನು ನೋಡುವುದಿಲ್ಲ. ಅಂದರೆ ನಿಮ್ಮ ಪುಟ್ಟ ಬಾಯ್ಲರ್ ಪರೀಕ್ಷಿಸಲು ಯಾರೂ ಬರುವುದಿಲ್ಲ, ಆ ಹೊಣೆ ಪೂರ್ತಿ ನಿಮ್ಮದು.

ಆಸ್ಪತ್ರೆಗೆ ಆಮ್ಲಜನಕದ ಲೈನ್ ಎಳೆಯುವವರ ಬಳಿ 54 ಮಿ.ಮೀ. ತಾಮ್ರದ ಪೈಪಿನ ತುಂಡು ಸಿಗುತ್ತದೆ. ದಪ್ಪ 1.2 ಮಿ.ಮೀ., ಉದ್ದ 10 ಸೆಂ.ಮೀ. ಇರಲಿ. ದುಂಡು ಗೋಡೆಗೆ 2 ಬಾರ್ ಒತ್ತಡ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ಲೆಕ್ಕಕ್ಕಿಲ್ಲ. ಸೋಲುವುದು ಎರಡು ತುದಿಯ ಮುಚ್ಚಳ. ಅದೇ 2 ಬಾರ್ ಒತ್ತಡಕ್ಕೆ ಒಂದೊಂದು ಮುಚ್ಚಳದ ಮೇಲೆ ಸುಮಾರು 42 ಕೆ.ಜಿ. ಭಾರ ಬೀಳುತ್ತದೆ. ಆದ್ದರಿಂದ ಮುಚ್ಚಳ 1.6 ಮಿ.ಮೀ. ತಾಮ್ರ, ಅಂಚು ಮಡಚಿದ್ದು, ನಡುವೆ ಒಂದು ತುದಿಯಿಂದ ಇನ್ನೊಂದಕ್ಕೆ ಹಾಯುವ 6 ಮಿ.ಮೀ. ಫಾಸ್ಫರ್ ಬ್ರಾಂಜ್ (ತಾಮ್ರ-ತವರದ ಗಟ್ಟಿ ಮಿಶ್ರಲೋಹ) ಸರಳು. ಎಲ್ಲ ಕೂಡಿಗೆಯೂ ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆರೆತ ಲೋಹದ ಗಟ್ಟಿ ಬೆಸುಗೆ), ಇದಕ್ಕೆ ಕಸುಬು ಬಲ್ಲವರೇ ಬೇಕು. ಬಾಯ್ಲರ್ ಗೋಡೆಗೆ ಬೆಸೆಯುವ ಬುಷ್‌ಗಳು (ವಾಲ್ವ್, ಪೈಪು ತಿರುಗಿಸಿ ಕೂರಿಸುವ ಬಳೆಗಳು) ಹಿತ್ತಾಳೆಯವು ಬೇಡ, ಕಾಲಕ್ರಮೇಣ ಬಿಸಿನೀರಿಗೆ ಅದರ ಸತು ಕರಗಿಹೋಗಿ ಪೊಳ್ಳಾಗುತ್ತದೆ.

ಒತ್ತಡ ಮೀರಿದಾಗ ಹಬೆ ಹೊರಬಿಡುವ ಸೇಫ್ಟಿ ವಾಲ್ವ್ 2 ಬಾರ್ ಒತ್ತಡಕ್ಕೆ ತೆರೆಯಬೇಕು, ಕೆಲಸದ ಒತ್ತಡ 1.5 ಬಾರ್ ಇರಲಿ. ಬೆಂಕಿ ಇಡುವ ಮೊದಲು ತಣ್ಣೀರನ್ನು ಕಂಠಮಟ್ಟ ತುಂಬಿ, ಗಾಳಿ ಪೂರ್ತಿ ತೆಗೆದು, ಕೈಪಂಪಿನಿಂದ ನೀರನ್ನೇ ಒತ್ತಿ 4 ಬಾರ್ ಒತ್ತಡಕ್ಕೆ ಏರಿಸಿ 15 ನಿಮಿಷ ಬಿಡಿ. ಒತ್ತಡ ಮಾಪಕದ ಮುಳ್ಳು ಇಳಿಯಬಾರದು, ಮುಚ್ಚಳ ಉಬ್ಬಬಾರದು. ಈ ಪರೀಕ್ಷೆಯನ್ನು ಗಾಳಿಯಿಂದ ಮಾಡಬೇಡಿ. ನೀರಾದರೆ ಬಿರುಕಿನಿಂದ ಒಂದು ತೊಟ್ಟು ಚಿಮ್ಮಿ ಒತ್ತಡ ಮುಗಿಯುತ್ತದೆ, ಗಾಳಿಯಾದರೆ ಚೂರು ಹಾರುತ್ತದೆ.

ಎಂಜಿನ್ ಮನೆಯಲ್ಲಿ ಆಗುವಂಥದ್ದು ತೂಗಾಡುವ ಸಿಲಿಂಡರಿನದ್ದು, ಅದಕ್ಕೆ ಬೇರೆ ವಾಲ್ವ್ ಬೇಡ, ಸಿಲಿಂಡರ್ ವಾಲಿದಂತೆ ಅದರ ತೂತೇ ಹಬೆಯ ದಾರಿ ತೆರೆದು ಮುಚ್ಚುತ್ತದೆ. ಬೋರ್ (ಸಿಲಿಂಡರಿನ ಒಳವ್ಯಾಸ) 8 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 12 ಮಿ.ಮೀ. ಸಿಲಿಂಡರ್ ತೂಗಾಡುವ ಕೀಲಿನಿಂದ, ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ನಡುವಿಗೆ 30 ಮಿ.ಮೀ. ಇಟ್ಟರೆ ಸಿಲಿಂಡರ್ ಎರಡೂ ಕಡೆ 11.5 ಡಿಗ್ರಿ ವಾಲುತ್ತದೆ. ಕೀಲಿನಿಂದ 15 ಮಿ.ಮೀ. ದೂರದಲ್ಲಿ ಸಿಲಿಂಡರಿನ ತೂತಿದ್ದರೆ ಅದು ಆಚೀಚೆ 3 ಮಿ.ಮೀ. ಸರಿಯುತ್ತದೆ. ಸಿಲಿಂಡರ್ ಒರಗುವ ಅಲುಗದ ಫಲಕದಲ್ಲಿ ಹಬೆ ಬರುವ ತೂತು ಒಂದು ಕಡೆ 3 ಮಿ.ಮೀ.ಗೆ, ಹೋಗುವ ತೂತು ಇನ್ನೊಂದು ಕಡೆ 3 ಮಿ.ಮೀ.ಗೆ. ತೂತಿನ ಅಳತೆ 2.5 ಮಿ.ಮೀ. 3 ದಾಟಿದರೆ ಸಿಲಿಂಡರ್ ನೇರ ನಿಂತಾಗ ಎರಡೂ ಒಟ್ಟಿಗೆ ತೆರೆದು ಹಬೆ ನೇರ ಹೊರಗೆ ಸೋರುತ್ತದೆ. ಉಜ್ಜುವ ಎರಡು ಮುಖಗಳನ್ನು ದಪ್ಪ ಗಾಜಿನ ಮೇಲೆ 600, ಆಮೇಲೆ 1000 ನಂಬರಿನ ಎಮರಿ ಹಾಳೆ ಹಾಸಿ ಸಮ ಮಾಡಿ. ಲೇತ್ ಬೇಕಾಗುವುದು ಪಿಸ್ಟನ್ ಮತ್ತು ಫ್ಲೈವೀಲಿಗೆ, ಅವನ್ನು ಮಾಡಿಸಿಕೊಳ್ಳಿ. ಹೊಲಿಗೆ ಮೆಷಿನ್ ಎಣ್ಣೆ ಹಬೆಗೆ ತೊಳೆದುಹೋಗುತ್ತದೆ, 460 ದರ್ಜೆಯ ಸ್ಟೀಮ್ ಸಿಲಿಂಡರ್ ಎಣ್ಣೆ ಹಾಕಿ.

60 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ದೋಣಿ 4 ಸೆಂ.ಮೀ. ಮುಳುಗಿದರೆ ಹೆಚ್ಚುಕಡಿಮೆ 2 ಕೆ.ಜಿ. ಹೊರುತ್ತದೆ. ಪ್ರೊಪೆಲರ್ 35 ಮಿ.ಮೀ. ಸಾಕು. ಬಾಯ್ಲರನ್ನು ಆದಷ್ಟು ತಳಕ್ಕೆ ಕೂರಿಸಿ, ಇಲ್ಲವಾದರೆ ತಿರುವಿನಲ್ಲಿ ಮಗುಚುತ್ತದೆ.

ಬಾಯ್ಲರಿಗೆ 140 ಮಿ.ಲೀ. ನೀರು, ಅಂದರೆ ಮೂರರಲ್ಲಿ ಎರಡು ಪಾಲು. ದೀಪಕ್ಕೆ 20 ಮಿ.ಲೀ. ಸ್ಪಿರಿಟ್, ಹೆಚ್ಚಿಲ್ಲ. ನೀರು ಮುಗಿಯುವ ಮೊದಲೇ ಸ್ಪಿರಿಟ್ ಮುಗಿಯಬೇಕು, ಈ ಅಳತೆಯಲ್ಲಿ ಮುಗಿಯುತ್ತದೆ. ಬಿಸಿಲಲ್ಲಿ ಸ್ಪಿರಿಟ್ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿತು ಅಂದುಕೊಂಡು ಮತ್ತೆ ಸುರಿದರೆ ಉರಿ ಬಾಟಲಿಗೇ ಏರುತ್ತದೆ. ದೀಪವನ್ನು ಹೊರತೆಗೆದು, ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ, ದೋಣಿಯಿಂದ ದೂರ ಇಟ್ಟು ತುಂಬಿ.