ಸಹಾಯ ಬೇಕು: ಮೊಹಿಟೊಗೆ ಪುನರ್ಪುಳಿ ಹೊಂದುತ್ತದೆಯೇ?

ಶನಿವಾರ ಮನೆಗೆ ಗೆಳೆಯರು ಬರುತ್ತಿದ್ದಾರೆ. ಕ್ಯೂಬಾದ ಮೂಲ ಮೊಹಿಟೊ ಮಾಡಲು ಬರುತ್ತದೆ: 45 ಮಿ.ಲೀ. ಬಿಳಿ ರಮ್, 20 ಮಿ.ಲೀ. ನಿಂಬೆರಸ, 2 ಟೀ ಚಮಚ ಸಕ್ಕರೆ, ಪುದೀನ, ಮೇಲೆ ಸೋಡಾ. ಪುದೀನವನ್ನು ಮೆಲ್ಲಗೆ ಒತ್ತಿದರೆ ಸಾಕು, ಚಟ್ನಿಗೆಂಬಂತೆ ಜಜ್ಜಿದರೆ ಕಹಿ ಬಿಡುತ್ತದೆ.

ಈ ಬಾರಿ ನಿಂಬೆಯ ಜಾಗದಲ್ಲಿ ಪುನರ್ಪುಳಿ ಹಾಕುವ ಆಸೆ. ಒಣ ಸಿಪ್ಪೆ ನೆನೆಸಿದ ನೀರು ಸಾಕೇ, ಸಕ್ಕರೆ ಪಾಕದಲ್ಲಿ ಕುದಿಸಬೇಕೇ? ನೀರು ಹೆಚ್ಚಾಗಿ ರುಚಿ ತೆಳುವಾದೀತೆಂಬ ಚಿಂತೆ. ಸಕ್ಕರೆಯ ಬದಲು ಜೋನಿಬೆಲ್ಲ ಬಳಸಿದವರಿದ್ದರೆ ಅಳತೆ ತಿಳಿಸಿ. ರಮ್ ಕೂಡ ಕಬ್ಬಿನದೇ ತಾನೇ, ಎರಡೂ ಜಗಳವಾಡಲಾರವು. ಮದ್ಯ ಮುಟ್ಟದವರ ಲೋಟಕ್ಕೆ ಶುಂಠಿರಸ ಎಷ್ಟು ಹಾಕಲಿ?

ಕಲ್ಲಂಗಡಿ, ಸ್ಟ್ರಾಬೆರಿ ಸಲಹೆಗಳು ಮಾತ್ರ ದಯವಿಟ್ಟು ಬೇಡ.