ಆಗಾಗ ಮಾತ್ರ ಕೇಳಿಸುವ ಕಟಕಟ ಸದ್ದು

ಪ್ರಶ್ನೆ: ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಹೋಗುವಾಗ ಕಾರಿನ ಮುಂದಿನ ಎಡಗಡೆಯಿಂದ ಆಗಾಗ ಕಟಕಟ ಸದ್ದು ಬರುತ್ತದೆ. ಸರ್ವಿಸ್ ರಸ್ತೆಯ ಹೊಂಡಗಳಲ್ಲಿ ಅದು ಹೆಚ್ಚು. ಗ್ಯಾರೇಜಿಗೆ ಒಯ್ದಾಗ ಮಾತ್ರ ಕೇಳಿಸುವುದೇ ಇಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು?

ಉತ್ತರ 1: ಸದ್ದು ಚಕ್ರದ್ದೋ ಇಂಜಿನಿನದ್ದೋ ಎಂಬುದನ್ನು ಮೊದಲು ಬೇರ್ಪಡಿಸಿ. ನಿಂತ ಕಾರಿನಲ್ಲಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೂ ಕೇಳಿಸಿದರೆ ಸೈಲೆನ್ಸರ್ ಕೊಳವೆಯ ಮೇಲಿನ ಶಾಖತಡೆ ತಗಡನ್ನು ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದರ ಬೋಲ್ಟುಗಳು ತುಕ್ಕು ಹಿಡಿದು ಸಡಿಲವಾಗುತ್ತವೆ. ಹೊಂಡದಲ್ಲಿ ಮಾತ್ರವಾದರೆ ನನ್ನ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕಿನ (ಕಾರು ವಾಲದಂತೆ ತಡೆಯುವ ಅಡ್ಡಸರಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕೊಂಡಿ) ಮೇಲೆ, ಅನಂತರ ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿಡುವ ತೋಳಿನ ಬುಡದ ರಬ್ಬರ್).

ಉತ್ತರ 2: ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುವಾಗ ಟಕಟಕ ಎಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಹೊರತುದಿಯ ಕೀಲು, ಅಂದರೆ ಸಿ.ವಿ. ಜಾಯಿಂಟ್, ಸವೆದಿರಬಹುದು, ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯೇ ಎಂದು ಪರೀಕ್ಷಿಸಿ. ಬ್ರೇಕನ್ನು ಲಘುವಾಗಿ ಒತ್ತಿದೊಡನೆ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಸಡಿಲವಾಗಿದೆ ಎಂದು ತಿಳಿಯಬಹುದು.

ಪ್ರಶ್ನೆ ಕೇಳಿದವರು: ನಿಂತಾಗ ಸದ್ದಿಲ್ಲ, ತಿರುವಿನಲ್ಲೂ ಇಲ್ಲ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ.

ಉತ್ತರ 1: ಹಾಗಾದರೆ ಲಿಂಕ್ ಇರಬೇಕು. ಲಿಫ್ಟಿನ ಮೇಲೆ ಚಕ್ರಗಳು ನೇತಾಡುವಾಗ ಅದರ ಸಡಿಲು ಗೊತ್ತಾಗದೆ ಹೋಗಬಹುದಾದ್ದರಿಂದ ಚಕ್ರಗಳು ನೆಲದ ಮೇಲಿರುವಾಗಲೇ ಅಲುಗಾಡಿಸಿ ನೋಡಲು ಹೇಳಿ. ಮೆಕ್ಯಾನಿಕ್ ಒಪ್ಪದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹೊಂಡಗಳ ರಸ್ತೆಗೆ ಕರೆದೊಯ್ಯಿರಿ.