ಆಪರೇಷನ್ ಆದ ಮೇಲೆ ಯಾವ ಬ್ರಾ ಹಾಕುತ್ತೀರಿ?

ಎಡ ಸ್ತನ ತೆಗೆದು 18 ದಿನ ಆಯಿತು. ಗಾಯದ ನೀರು ಹೊರಹೋಗಲು ಇಟ್ಟಿದ್ದ ಡ್ರೈನ್ ಪೈಪ್ ಮೊನ್ನೆ ತೆಗೆದರು. ಕೈ ಮೇಲೆತ್ತಲು ಆಗುವುದಿಲ್ಲ. ಹಳೆಯ ಬ್ರಾದ ಎಲಾಸ್ಟಿಕ್ ಸರಿಯಾಗಿ ಗಾಯದ ಮೇಲೇ ಕೂರುತ್ತದೆ. ಮನೆಯಲ್ಲಿ ಮಗನ ಬನಿಯನ್ನೇ ಗತಿ. ಮುಂದಿನ ವಾರ ನಾದಿನಿ ಮಗಳ ಮದುವೆ ಬೇರೆ.

ಉತ್ತರ 1: ಮುಂದೆ ಹುಕ್ ಇರುವ ಹತ್ತಿ ಬ್ರಾ ನೋಡಿ. ತಂತಿ ಬೇಡವೇ ಬೇಡ. ಕೆಳಪಟ್ಟಿ ಅಗಲವಾಗಿರಲಿ. ಊತ ಇದ್ದರೆ ಒಂದು ಸೈಜ್ ದೊಡ್ಡದು. ಒಳಹೊಲಿಗೆ ಚುಚ್ಚುತ್ತದೆಂದು ನಾನು ಉಲ್ಟಾ ಹಾಕುತ್ತಿದ್ದೆ. ಯಾರಿಗೆ ಕಾಣುತ್ತೆ, ಅಲ್ವಾ?

ಉತ್ತರ 2: ತೆಗೆದ ಸ್ತನದ ಜಾಗಕ್ಕೆ ಇಡುವ ಸಿಲಿಕಾನ್ ಪ್ಯಾಡ್ ಈಗಲೇ ಬೇಡ, ಭಾರ ಜಾಸ್ತಿ. ಗಾಯ ಮಾಗಿದ ಮೇಲೆ ಡಾಕ್ಟರನ್ನು ಕೇಳಿ. ಮದುವೆಗೆ ಮೆತ್ತನೆ ಬಟ್ಟೆಯಲ್ಲಿ ಹತ್ತಿ ತುಂಬಿ, ಬ್ರಾ ಒಳಗೆ ಜೇಬು ಹೊಲಿಸಿ ಇಟ್ಟುಕೊಳ್ಳಿ.

ಸರಿ, ಟೈಲರಮ್ಮನಿಗೆ ಹೇಳುತ್ತೇನೆ. ಪುಣ್ಯಕ್ಕೆ ಸೀರೆ ಬ್ಲೌಸಿಗೂ ಮುಂದೇ ಹುಕ್ಕು!